ಮೂರು ಬೈಕು ಒಂದೇ ಕಂಪನಿಯವು ಅನ್ನಿಸಬೇಕಾದರೆ ಏನು ಮಾಡಬೇಕು?

ಪ್ರಾಜೆಕ್ಟ್‌ಗೆ 125 ಸಿಸಿಯ ಕಮ್ಯೂಟರ್ (ದಿನದ ಓಡಾಟದ ಬೈಕು), 250ರ ನೇಕೆಡ್ (ಎಂಜಿನ್ ಮುಚ್ಚದ ಬೈಕು), 400ರ ಅಡ್ವೆಂಚರ್ (ಕಚ್ಚಾ ದಾರಿಗೂ ಹೋಗುವ ಬೈಕು) ಬಿಡಿಸಿದ್ದೀರಿ. ಮೂರಕ್ಕೂ ಒಂದೇ ಹೆಡ್‌ಲೈಟ್ ಹಾಕಿದರೂ ಒಂದೇ ಕಂಪನಿಯ ಬೈಕುಗಳ ಥರ ಕಾಣ್ತಿಲ್ಲ ಅಂತ ಕೇಳಿದ್ದೀರಿ. ನಾನು ಬೈಕ್ ಸ್ಟೈಲಿಂಗ್ ಕೆಲಸದಲ್ಲಿದ್ದೇನೆ, ಈ ಪ್ರಶ್ನೆ ನನಗೆ ತುಂಬಾ ಇಷ್ಟದ್ದು.

ಹೆಡ್‌ಲೈಟ್ ಸದ್ಯಕ್ಕೆ ಪಕ್ಕಕ್ಕಿಡಿ. ಪರಿಚಯದವರನ್ನು ದೂರದಿಂದ ನಡಿಗೆ ನೋಡಿಯೇ ಗುರುತು ಹಿಡಿಯುತ್ತೇವೆ, ಅಲ್ವಾ? ಬೈಕಿನಲ್ಲೂ ಮೊದಲು ಕಾಣುವುದು ನಿಲುವು. ಮೂರು ಬೈಕಿನ ಸೈಡ್ ವ್ಯೂ ಒಂದೇ ಅಳತೆಗೆ ತಂದು, ಒಳಗೆಲ್ಲ ಕಪ್ಪು ತುಂಬಿ, ಗೋಡೆಗೆ ಅಂಟಿಸಿ ನೋಡಿ. ಭಾರ ಎಲ್ಲಿ ಕೂತಿದೆ, ಬಾಲ ಎಷ್ಟು ಉದ್ದ, ಎಂಜಿನ್ ಸುತ್ತ ಎಷ್ಟು ಜಾಗ ಖಾಲಿ ಬಿಟ್ಟಿದ್ದೀರಿ ಎಲ್ಲವೂ ತಕ್ಷಣ ಗೊತ್ತಾಗುತ್ತದೆ. ನಿಲುವು ಪೂರ್ತಿ ಒಂದೇ ಇರಲು ಸಾಧ್ಯವಿಲ್ಲ. ಅಡ್ವೆಂಚರ್‌ಗೆ ಮುಂದೆ 19 ಅಥವಾ 21 ಇಂಚಿನ ಚಕ್ರ ಬೇಕು, ಕಮ್ಯೂಟರ್‌ಗೆ 17-18 ಸಾಕು. ಆದರೆ ಟ್ಯಾಂಕ್ ಮುಗಿದು ಸೀಟು ಶುರುವಾಗುವ ಜಾಗದಲ್ಲಿ ಗೆರೆ ಹೇಗೆ ತಿರುಗುತ್ತದೆ ಅನ್ನುವುದನ್ನು ಮೂರರಲ್ಲೂ ಒಂದೇ ಇಡಬಹುದು.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಪಾಠ ಕೆಟಿಎಂ 390 ಡ್ಯೂಕ್ ಮತ್ತು 2018ರ ಹಸ್ಕ್‌ವರ್ನಾ ಸ್ವಾರ್ಟ್‌ಪಿಲೆನ್ 401. ಎಂಜಿನ್ ಅದೇ, ಉಕ್ಕಿನ ಕೊಳವೆಗಳನ್ನು ಜಾಲರಿಯಂತೆ ಜೋಡಿಸಿದ ಟ್ರೆಲಿಸ್ ಚಾಸಿ ಅದೇ, ಡಿಸೈನ್ ಮಾಡಿದ್ದೂ ಆಸ್ಟ್ರಿಯಾದ ಕಿಸ್ಕಾ ಸಂಸ್ಥೆಯೇ. ಆದರೂ ಒಂದನ್ನು ನೋಡಿ ಇನ್ನೊಂದು ಅಂತ ಯಾರೂ ಮೋಸ ಹೋಗುವುದಿಲ್ಲ. ಡ್ಯೂಕ್‌ನಲ್ಲಿ ಚೂಪಾದ ತುಂಡುಗಳು ಮುಂದಕ್ಕೆ ನುಗ್ಗುತ್ತವೆ, ಚಾಸಿ ಎದ್ದು ಕಾಣುತ್ತದೆ. ಸ್ವಾರ್ಟ್‌ಪಿಲೆನ್‌ನಲ್ಲಿ ಮೈಯೆಲ್ಲ ನುಣುಪು, ಟ್ಯಾಂಕಿನಿಂದ ಹಿಂದಕ್ಕೆ ಮೈಯನ್ನು ಎರಡಾಗಿ ಸೀಳಿದಂತೆ ಒಂದೇ ಗೆರೆ ಓಡುತ್ತದೆ. ಇನ್ನೂ ಒಂದು ಮಾತು. 1994ರ ಮೊದಲ ಡ್ಯೂಕ್‌ನಿಂದ ಇಲ್ಲಿಯವರೆಗೆ ಆ ಬೈಕುಗಳ ಹೆಡ್‌ಲೈಟ್ ಎಷ್ಟೋ ಸಲ ಬದಲಾಗಿದೆ. ಡ್ಯೂಕ್ ಡ್ಯೂಕ್ ಆಗಿಯೇ ಉಳಿದಿದೆ.

ಹಾಗಂತ ಗುರುತಿನ ಭಾಗಗಳು ಬೇಡ ಅಂತಲ್ಲ. ಜನ ಒಂದನ್ನು ಮನಸ್ಸಿಗೆ ಹಚ್ಚಿಕೊಂಡ ಮೇಲೆ ಅದನ್ನು ಮುಟ್ಟುವಾಗ ಎಚ್ಚರ ಬೇಕು. ಇಟಲಿಯ ಡುಕಾಟಿ ಕಂಪನಿಯ 916 ಬೈಕಿನಲ್ಲಿ ಅಕ್ಕಪಕ್ಕದ ಎರಡು ತೆಳು ದೀಪ, ಹಿಂದಿನ ಚಕ್ರವನ್ನು ಒಂದೇ ಕಡೆಯಿಂದ ಹಿಡಿದ ಸ್ವಿಂಗ್‌ಆರ್ಮ್ ಇದ್ದವು. ಆಮೇಲೆ ಬಂದ 999ರಲ್ಲಿ ದೀಪಗಳು ಒಂದರ ಮೇಲೊಂದು ಬಂದವು, ಸ್ವಿಂಗ್‌ಆರ್ಮ್ ಎರಡು ಕಡೆಯದಾಯಿತು. ಆ ಬೈಕು 2003, 2004, 2006ರಲ್ಲಿ ವರ್ಲ್ಡ್ ಸೂಪರ್‌ಬೈಕ್ ರೇಸ್ ಚಾಂಪಿಯನ್‌ಶಿಪ್ ಗೆದ್ದಿತು. ಆದರೂ ಎಷ್ಟೋ ಅಭಿಮಾನಿಗಳು ಒಪ್ಪಲಿಲ್ಲ. 1098 ಬರುವಾಗ ಎರಡನ್ನೂ ವಾಪಸ್ ತಂದರು. ನನ್ನ ಮಟ್ಟಿಗೆ 999 ಚೆಂದದ ಬೈಕೇ, ಆದರೆ ಅಷ್ಟೂ ಗುರುತುಗಳನ್ನು ಒಂದೇ ಏಟಿಗೆ ತೆಗೆಯಬಾರದಿತ್ತು. ನಮ್ಮ ಪಲ್ಸರ್ ನೋಡಿ. ಹಿಂದಿನ ಎರಡು ಉದ್ದನೆಯ ಎಲ್‌ಇಡಿ ಗೆರೆಗಳನ್ನು ಒಂದಾದ ಮೇಲೊಂದು ಮಾಡೆಲ್‌ನಲ್ಲಿ ಉಳಿಸಿಕೊಂಡಿದ್ದಾರೆ. ರಾತ್ರಿ ಹೈವೇಯಲ್ಲಿ ಮುಂದೆ ಹೋಗುತ್ತಿರುವುದು ಯಾವ ಬೈಕು ಅಂತ ಹೇಳಲು ಅಷ್ಟೇ ಸಾಕು.

ನೀವು ಬಹುಶಃ 400ರಿಂದ ಶುರು ಮಾಡಿದ್ದೀರಿ, ಎಲ್ಲರೂ ಹಾಗೇ ಮಾಡೋದು. ನಾನಾದರೆ 125ರಿಂದ ಶುರು ಮಾಡುತ್ತೇನೆ. ಅದರ ಟ್ಯಾಂಕ್ ಉಕ್ಕಿನ ಹಾಳೆ ಒತ್ತಿ ಮಾಡುವಂಥದ್ದು. ತುಂಬಾ ಚೂಪಾದ ಅಂಚು ಕೊಟ್ಟರೆ ಹಾಳೆ ಹರಿಯುತ್ತದೆ, ದುಡ್ಡೂ ಜಾಸ್ತಿ. ಆದ್ದರಿಂದ ನಿಮ್ಮ ಮುಖ್ಯ ಗೆರೆಯನ್ನು ಟ್ಯಾಂಕಿನ ಪಕ್ಕಕ್ಕೆ ಹಾಕುವ ಪ್ಲಾಸ್ಟಿಕ್ ಹೊದಿಕೆಯ (ಶ್ರೌಡ್) ಮೇಲೆ ತನ್ನಿ, ಟ್ಯಾಂಕ್ ಸರಳವಾಗಿರಲಿ. ಅಲ್ಲಿ ಆ ಗೆರೆ ನಿಂತರೆ 250ಕ್ಕೂ 400ಕ್ಕೂ ಹೊಂದಿಸುವುದು ಸುಲಭ. ಹೆಡ್‌ಲೈಟ್ ಅದಾದ ಮೇಲೆ ಬಿಡಿಸಿ.