ಕಡಲ ತಡಿಯಲ್ಲಿ ಹಳೆಯ ವಾಲ್ವ್ ಆಂಪ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಕಾರವಾರದ ಕಾಜುಬಾಗದವನು. ಹತ್ತು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದೇನೆ. ಕಳೆದ ವರ್ಷ ಟೊಳ್ಳು ಒಡಲಿನ ಗಿಟಾರ್ ಕೊಂಡ ಮೇಲೆ ಮನಸ್ಸು ಪೂರ್ತಿಯಾಗಿ ಜಾಝ್ ಮತ್ತು ಬ್ಲೂಸ್ ಕಡೆಗೆ ವಾಲಿದೆ. ಸೆಕೆಂಡ್ ಹ್ಯಾಂಡ್ ವಾಲ್ವ್ ಆಂಪ್ಲಿಫೈಯರ್ (ಗಾಜಿನ ನಿರ್ವಾತ ನಳಿಕೆಗಳಿಂದ ಗಿಟಾರಿನ ದನಿ ಹಿಗ್ಗಿಸುವ ಪೆಟ್ಟಿಗೆ) ಹುಡುಕುತ್ತಿದ್ದಾಗ ಎರಡು ಸಿಕ್ಕಿವೆ. ಒಂದು, ಧಾರವಾಡದ ವಿದ್ಯಾರ್ಥಿಯೊಬ್ಬರ ಬಳಿಯಿರುವ 15 ವಾಟ್‌ನ ಫೆಂಡರ್ ಬ್ಲೂಸ್ ಜೂನಿಯರ್. ಅದು 230 ವೋಲ್ಟ್‌ನದು. ಇನ್ನೊಂದು, ದಕ್ಷಿಣ ಗೋವಾದ ಕಡಲತೀರದ ಶ್ಯಾಕ್ (ತಾತ್ಕಾಲಿಕ ಗುಡಿಸಲು ಹೋಟೆಲ್) ಒಂದರಲ್ಲಿ ಆರೇಳು ಸೀಸನ್ ದುಡಿದಿರುವ 85 ವಾಟ್‌ನ ಟ್ವಿನ್ ರಿವರ್ಬ್; ಅದರ ಹಿಂಬದಿಯಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದು ಬರೆದಿದೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ಬೆಲೆ ಹೇಳುತ್ತಿದ್ದಾರೆ. ಮನೆಯಲ್ಲಿ ಅಭ್ಯಾಸ, ತಿಂಗಳಿಗೊಮ್ಮೆ ಮೂವರು ಗೆಳೆಯರೊಡನೆ ಚಿಕ್ಕ ಸಭಾಂಗಣದಲ್ಲಿ ಕಾರ್ಯಕ್ರಮ, ಇಷ್ಟೇ ನನ್ನ ಅಗತ್ಯ. ಯಾವುದನ್ನು ಕೊಳ್ಳಲಿ?
— ಓದುಗರು, ಕಾರವಾರ

ಉತ್ತರ: ದನಿಯೊಂದನ್ನೇ ನೋಡಿ ಹೇಳುವುದಾದರೆ ನಿಮ್ಮ ಗಿಟಾರಿಗೆ ಟ್ವಿನ್ ರಿವರ್ಬ್ ಹೆಚ್ಚು ಒಪ್ಪುತ್ತದೆ. ಆದರೂ ಧಾರವಾಡದ ಪೆಟ್ಟಿಗೆಯನ್ನೇ ಕೊಳ್ಳಿ ಎಂಬುದು ನನ್ನ ಸಲಹೆ. ಇದಕ್ಕೆ ಮುಖ್ಯ ಕಾರಣ ಕರೆಂಟು ಮತ್ತು ಉಪ್ಪುಗಾಳಿ. ಸಂಗೀತದ ಪಾಲು ಇದರಲ್ಲಿ ಅರ್ಧಕ್ಕಿಂತ ಕಡಿಮೆ.

ಮೊದಲು ಸಂಗೀತದ ಮಾತನ್ನೇ ಮುಗಿಸೋಣ. ಜಾಝ್ ನುಡಿಸುವವರಿಗೆ ಬೇಕಾದದ್ದು ನಾಲ್ಕೈದು ಸ್ವರಗಳ ಕಾರ್ಡ್ ಹಿಡಿದಾಗಲೂ ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳುವಂಥ, ಒಡೆಯದ ದನಿ. ಬ್ಲೂಸ್‌ಗೆ ಬೇಕಾದದ್ದು ಬೆರಳಿನ ಒತ್ತಡ ಹೆಚ್ಚಿದಂತೆ ಸ್ವಲ್ಪಸ್ವಲ್ಪವಾಗಿ ಒಡೆಯುವ ದನಿ. ವಾಲ್ವ್ ತನ್ನ ಶಕ್ತಿಯ ಮಿತಿಗೆ ಬಂದಾಗ ಅಲೆಯ ತುದಿಯನ್ನು ಒಮ್ಮೆಲೇ ಕತ್ತರಿಸದೆ ಮೆಲ್ಲಗೆ ದುಂಡಗಾಗಿಸುತ್ತದೆ. ಆಗ ಮೂಲ ಸ್ವರದ ಜೊತೆಗೆ ಅದರ ಉಪಸ್ವರಗಳೂ ಎದ್ದು ಬರುತ್ತವೆ. ನಮ್ಮ ಜಿಲ್ಲೆಯಲ್ಲಿ ತಂಬೂರಿಯ ಜವಾರಿಗೆ, ಅಂದರೆ ತಂತಿಯ ಆ ತುಂಬುದನಿಗೆ, ಕಿವಿಗೊಟ್ಟು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂತಿ ಹೊರುವ ಕುದುರೆಯ ಮೇಲೆ ನೂಲು ಸರಿಯಾದ ಜಾಗಕ್ಕೆ ಬಂದೊಡನೆ ತಂತಿ ತುಂಬಿಕೊಳ್ಳುವ ಸುಖವೇ ಬೇರೆ ದಾರಿಯಿಂದ ಇಲ್ಲಿಯೂ ಒದಗುತ್ತದೆ. ಟ್ವಿನ್‌ನಲ್ಲಿ ನಾಲ್ಕು 6ಎಲ್6 ವಾಲ್ವ್‌ಗಳೂ 12 ಇಂಚಿನ ಎರಡು ಸ್ಪೀಕರ್‌ಗಳೂ ಇರುವುದರಿಂದ ಅದರ ದನಿ ಒಡೆಯುವ ಹೊತ್ತಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿರುತ್ತಾರೆ. ಎರಡು ಇಎಲ್84 ವಾಲ್ವ್‌ಗಳ ಬ್ಲೂಸ್ ಜೂನಿಯರ್ ಬೇಗನೆ ಒಡೆಯುತ್ತದೆ. ಆದ್ದರಿಂದ ಮನೆಯಲ್ಲಿ ಬ್ಲೂಸ್‌ಗೆ ಅನುಕೂಲ, ಡ್ರಮ್ಮಿನ ಎದುರು ಜಾಝ್‌ಗೆ ಸ್ವಲ್ಪ ಇಕ್ಕಟ್ಟು.

ಆ ಇಕ್ಕಟ್ಟು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಶಕ್ತಿ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ, ಕಿವಿಗೆ ಎರಡು ಪಟ್ಟು ಎನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. 15 ವಾಟ್‌ನಿಂದ 85 ವಾಟ್‌ಗೆ ಹೋದರೆ ಶಕ್ತಿಯ ಲೆಕ್ಕದಲ್ಲಿ ಸಿಗುವುದು ಏಳೂವರೆ ಡೆಸಿಬಲ್. ಜೂನಿಯರ್‌ನ ಸ್ಪೀಕರನ್ನು ಅಷ್ಟೇ ಶಕ್ತಿಗೆ 3 ಡೆಸಿಬಲ್ ಹೆಚ್ಚು ಸದ್ದು ಕೊಡುವ ಸ್ಪೀಕರಿಗೆ ಬದಲಾಯಿಸಿದರೆ 30 ವಾಟ್‌ನ ಆಂಪ್ ಕೊಂಡಷ್ಟೇ ಸದ್ದು ದೊರೆಯುತ್ತದೆ. ಜಾಝ್ ಗಿಟಾರಿಗೆ ದಾರಿ ತೋರಿದ ಚಾರ್ಲಿ ಕ್ರಿಶ್ಚಿಯನ್ 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ತಂಡ ಸೇರಿದ ಕಾಲದಲ್ಲಿ ಬಳಸುತ್ತಿದ್ದ ಗಿಬ್ಸನ್ ಇಎಚ್-150 ಆಂಪ್‌ನ ಶಕ್ತಿಯೂ ಸುಮಾರು 15 ವಾಟ್ ಆಗಿತ್ತು.

ಇನ್ನು ಆ 120 ವೋಲ್ಟ್‌ನ ವಿಷಯ. ಅದನ್ನು ನೇರವಾಗಿ ನಮ್ಮ 230 ವೋಲ್ಟ್‌ಗೆ ಸಿಕ್ಕಿಸಿದರೆ ಫ್ಯೂಸ್ ಹೋಗುವುದು ಅದೃಷ್ಟವಿದ್ದಾಗ. ಇಲ್ಲದಿದ್ದಾಗ ಟ್ರಾನ್ಸ್‌ಫಾರ್ಮರೇ ಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟುಕೊಳ್ಳಬಹುದು. ಆದರೆ ಟ್ವಿನ್‌ನಂಥ ಆಂಪಿಗೆ 500 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯಕ್ಕಿಂತ ಕಡಿಮೆಯದು ಸಾಲದು, ಮತ್ತು ಅದರಲ್ಲಿ ಅರ್ಥಿಂಗ್ ತಂತಿ ಈ ಕಡೆಯಿಂದ ಆ ಕಡೆಗೆ ತುಂಡಾಗದೆ ಹಾದುಹೋಗಿರಬೇಕು. ಅಗ್ಗದ ಎಷ್ಟೋ ಪೆಟ್ಟಿಗೆಗಳಲ್ಲಿ ಮೂರನೆಯ ಪಿನ್ ಅಲಂಕಾರಕ್ಕೆ ಮಾತ್ರ ಇರುತ್ತದೆ. ಇಷ್ಟು ಮಾಡಿದರೂ ಸ್ಟೆಪ್‌ಡೌನ್ ಬದಲಾಯಿಸುವುದು ವೋಲ್ಟೇಜನ್ನು, ಹರ್ಟ್ಸನ್ನಲ್ಲ. 60 ಹರ್ಟ್ಸ್‌ಗೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರನ್ನು 50 ಹರ್ಟ್ಸ್‌ನಲ್ಲಿ ನಡೆಸಿದಾಗ ಅದರ ಕಬ್ಬಿಣದ ತಿರುಳಿನಲ್ಲಿ ಕಾಂತಪ್ರವಾಹ ಐದನೇ ಒಂದು ಭಾಗದಷ್ಟು ಏರುತ್ತದೆ, ಬಿಸಿಯೂ ಹೆಚ್ಚುತ್ತದೆ. ಆಂಪಿನ ಹಿಂಬದಿಯ ಪಟ್ಟಿಯಲ್ಲಿ 50/60 ಹರ್ಟ್ಸ್ ಎಂದಿದ್ದರೆ ನಾನು ಇಷ್ಟು ಹೆದರಿಸುತ್ತಿರಲಿಲ್ಲ.

ಉಪ್ಪುಗಾಳಿಯ ಮಾತು ಇದಕ್ಕಿಂತ ಗಂಭೀರ. ಗೋವಾದ ಕಡಲತೀರದ ಶ್ಯಾಕ್‌ಗಳನ್ನು ಮಳೆಗಾಲದಲ್ಲಿ ಬಿಚ್ಚಿಡುತ್ತಾರೆ. ಅಂದರೆ ಆ ಟ್ವಿನ್ ವರ್ಷದಲ್ಲಿ ಎಂಟು ತಿಂಗಳು ಅಲೆಯ ಎದುರು ನಿಂತು, ಉಳಿದ ನಾಲ್ಕು ತಿಂಗಳು ಯಾವುದೋ ಗೋದಾಮಿನಲ್ಲಿ ತಾಡಪಾಲಿನಡಿ ಬೆವರಿದೆ. ಉಪ್ಪು ತಿಂದ ಆಂಪಿನ ಮುಖ ನೋಡಿ ಏನೂ ತಿಳಿಯುವುದಿಲ್ಲ. ವಾಲ್ವ್ ಕೂರುವ ಸಾಕೆಟ್ಟಿನ ಹಿಡಿಗಳಲ್ಲಿ ಹಸಿರು ಕಿಲುಬು, ಜಾಕಿನ ಒಳಗೆ ಕಪ್ಪು, ಪ್ರತಿಧ್ವನಿ ಹುಟ್ಟಿಸುವ ರಿವರ್ಬ್ ಸ್ಪ್ರಿಂಗಿನ ಪೆಟ್ಟಿಗೆಯಲ್ಲಿ ತುಕ್ಕು, ಇವು ಒಳಗೆ ಇಣುಕಿದವರಿಗಷ್ಟೇ ಕಾಣುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು, ವಾಲ್ವಿನಿಂದ ಸ್ಪೀಕರಿಗೆ ದನಿ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನೊಳಗೆ ಸುತ್ತಿರುವ ಕೂದಲೆಳೆಯಂಥ ತಾಮ್ರದ ತಂತಿಗೆ ತೇವ ತಾಗಿ ಎಲ್ಲೋ ಒಂದು ಕಡೆ ಕಿಲುಬು ಹಿಡಿದರೆ ಅದು ಒಂದು ದಿನ ಕಾರ್ಯಕ್ರಮದ ನಡುವೆಯೇ ತುಂಡಾಗುತ್ತದೆ.

ಇದನ್ನು ಪುಸ್ತಕ ನೋಡಿ ಬರೆಯುತ್ತಿಲ್ಲ. ಹಲವು ವರ್ಷಗಳ ಹಿಂದೆ ಅಂಕೋಲೆಯ ಹತ್ತಿರ ಒಂದು ಮನೆಯಿಂದ ನಾನು ಹಳೆಯ ಆಂಪ್ ಒಂದನ್ನು ಹೊರಮೈ ನೋಡಿ ಮರುಳಾಗಿ ತಂದೆ. ಕೂರಿಸಿ ಇಪ್ಪತ್ತು ನಿಮಿಷ ಚೆನ್ನಾಗಿ ನುಡಿಯಿತು. ಆಮೇಲೆ ಒಳಗಿನಿಂದ ಟಪ್ ಎಂಬ ಸದ್ದು, ಸುಟ್ಟ ಚರ್ಮದ ನಾತ. ಮೆಕ್ಯಾನಿಕ್ ಬಿಚ್ಚಿದಾಗ ಒಂದು ಮೂಲೆಯಲ್ಲಿ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು, ವಾಲ್ವಿನ ಸಾಕೆಟ್ಟಿಗೆ ಅಡ್ಡಲಾಗಿ ಬಿಸಿಗೆಂದು ಬಂದು ಮಲಗಿ ಇದ್ದಿಲಾಗಿದ್ದ ಹಲ್ಲಿ, ಪಕ್ಕದಲ್ಲಿ ಅದರ ಎರಡು ಮೊಟ್ಟೆ. ಮಾರಿದವರು "ನಮ್ಮಲ್ಲಿದ್ದಾಗ ಸರಿಯಾಗಿಯೇ ಇತ್ತು" ಎಂದರು. ಅವರು ಸುಳ್ಳು ಹೇಳಿದರೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ.

ಆದ್ದರಿಂದ ಧಾರವಾಡಕ್ಕೆ ಹೋಗುವಾಗ ನಿಮ್ಮದೇ ಗಿಟಾರ್, ನಿಮ್ಮದೇ ಕೇಬಲ್, ಒಂದು ಪೆನ್ಸಿಲ್, ಒಂದು ಟಾರ್ಚ್ ಒಯ್ಯಿರಿ; ನಾನು ಬರುವ ತನಕ ಆಂಪ್ ಹಚ್ಚಿಡಬೇಡಿ ಎಂದು ಆ ಹುಡುಗನಿಗೆ ಮೊದಲೇ ಫೋನಿನಲ್ಲಿ ತಿಳಿಸಿ, ಏಕೆಂದರೆ ತಣ್ಣಗಿರುವಾಗ ತೋರುವ ದೋಷ ಒಂದು, ಬಿಸಿಯಾದ ಮೇಲೆ ತೋರುವುದು ಇನ್ನೊಂದು. ಗಿಟಾರ್ ಜೋಡಿಸದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು ಹಚ್ಚಿ. ಸಣ್ಣ ಗುಂಯ್‌ಗುಡುವಿಕೆ ಸಹಜ. ವಾಲ್ಯೂಮ್ ಸೊನ್ನೆಯಿದ್ದರೂ ದಪ್ಪನೆಯ ಗುಂಗು ಎದ್ದರೆ ಪವರ್ ಸಪ್ಲೈನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿರುವ ಸಾಧ್ಯತೆ ಹೆಚ್ಚು. ಹದಿನೈದು ಇಪ್ಪತ್ತು ವರ್ಷ ದಾಟಿದ ಆಂಪಿನಲ್ಲಿ ಅವುಗಳನ್ನು ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಬೇಕು. ಹಿಂಬದಿಯಿಂದ ವಾಲ್ವ್‌ಗಳನ್ನು ನೋಡಿ. ಒಳಗಿನ ಕಿತ್ತಳೆ ಬೆಳಕು ಸರಿ, ಗಾಜಿನ ಒಳಮೈಗೆ ತಾಗಿದಂತಿರುವ ತೆಳು ನೀಲಿಯೂ ಸರಿ. ಆದರೆ ಬೂದು ಬಣ್ಣದ ಲೋಹದ ತಗಡೇ ಕೆಂಡದಂತೆ ಕೆಂಪಾಗತೊಡಗಿದರೆ ತಡಮಾಡದೆ ಆರಿಸಿಬಿಡಿ. ಗಾಜಿನ ಒಳಗೆ ಕನ್ನಡಿಯಂತೆ ಹೊಳೆಯಬೇಕಾದ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಆ ವಾಲ್ವ್ ಮುಗಿಯಿತು. ಬಳಿಕ ವಾಲ್ಯೂಮನ್ನು ತುಸು ಏರಿಸಿ ಚಿಕ್ಕ ವಾಲ್ವ್‌ಗಳನ್ನು ಪೆನ್ಸಿಲಿನಿಂದ ಮೃದುವಾಗಿ ತಟ್ಟಿ. ಸ್ಪೀಕರಿನಲ್ಲಿ ಗಂಟೆ ಹೊಡೆದಂತೆ ಕೇಳಿದರೆ ಆ ಒಂದು ವಾಲ್ವನ್ನು ಬದಲಾಯಿಸಬೇಕು, ಅದು ದೊಡ್ಡ ಖರ್ಚಲ್ಲ.

ಆಮೇಲೆ ಕುಳಿತು ನುಡಿಸಿ. ದಪ್ಪ ತಂತಿಯಿಂದ ಆರಂಭಿಸಿ ಒಂದೊಂದೇ ಮನೆ (ಫ್ರೆಟ್) ಮೇಲೇರುತ್ತ ಪ್ರತಿ ಸ್ವರವನ್ನೂ ಪೂರ್ತಿ ಆರುವ ತನಕ ಕೇಳಿ. ಒಂದೇ ಒಂದು ಸ್ವರಕ್ಕೆ ಮಾತ್ರ ಎಲ್ಲೋ ಗಿರಗಿರ ಎಂದರೆ ಪೆಟ್ಟಿಗೆಯ ಸ್ಕ್ರೂ ಸಡಿಲವಾಗಿರಬಹುದು. ಎಲ್ಲ ತಗ್ಗಿನ ಸ್ವರಗಳಿಗೂ ಕಾಗದ ಉಜ್ಜಿದಂತಾದರೆ ಸ್ಪೀಕರಿನ ಸುರುಳಿ ತಾಗುತ್ತಿದೆ. ಒಂದು ಗಂಟೆಗಿಂತ ಮೊದಲು ಏಳಬೇಡಿ. ಚಹಾ ಕೊಟ್ಟರೆ ಕುಡಿಯಿರಿ, ಆಂಪ್ ಆರಿಸಬೇಡಿ. ಸ್ಪೀಕರಿನ ತಂತಿ ಕಳಚಿ ಮಾತ್ರ ಎಂದಿಗೂ ಆಂಪ್ ಹಚ್ಚಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಒಳಗನ್ನು ಬಿಚ್ಚಿ ನೋಡುವ ಆಸೆಯನ್ನೂ ತಡೆಯಿರಿ. ಅಲ್ಲಿ 300 ವೋಲ್ಟ್‌ಗೂ ಮಿಕ್ಕಿದ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು.

ಮನೆಗೆ ತಂದ ಮೇಲೆ ಮೊದಲು ನಿಮ್ಮ ಅರ್ಥಿಂಗ್ ಪರೀಕ್ಷಿಸಿ. ನಮ್ಮ ಜಂಬಿಟ್ಟಿಗೆ ನೆಲ ಏಪ್ರಿಲ್ ಮೇ ತಿಂಗಳಲ್ಲಿ ಒಣಗಿ ಬಿರಿದಾಗ ಅರ್ಥಿಂಗ್ ಗುಂಡಿ ಹೆಸರಿಗಷ್ಟೇ ಉಳಿಯುತ್ತದೆ. ಇದ್ದಿಲು, ಉಪ್ಪು ಹಾಕಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯುವುದು ಹಳೆಯ ಉಪಾಯ, ಈಗಲೂ ಕೆಲಸಕ್ಕೆ ಬರುವಂಥದು. ಗಿಟಾರಿನ ತಂತಿ ಹಿಡಿದುಕೊಂಡೇ ಮೈಕಿಗೆ ತುಟಿ ತಾಗಿಸಿದಾಗ ಚುರ್ ಎಂದರೆ ಅದನ್ನು ನಗೆಯಾಡಿ ಬಿಡಬೇಡಿ. ಮಧ್ಯರಾತ್ರಿಯ ಹೊತ್ತಿಗೆ ವೋಲ್ಟೇಜು 250ಕ್ಕೆ ಏರಿದರೆ ವಾಲ್ವಿನ 6.3 ವೋಲ್ಟ್ ಹೀಟರಿಗೆ 6.8 ವೋಲ್ಟ್‌ಗೂ ಮಿಕ್ಕಿ ಸಿಗುತ್ತದೆ, ಆಯುಷ್ಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಒಳ್ಳೆಯ ಸ್ಟೆಬಿಲೈಜರ್ ಒಂದಿದ್ದರೆ ಚಿಂತೆಯಿಲ್ಲ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಬೇಡಿ, ಹತ್ತಿಯ ಬಟ್ಟೆ ಹೊದಿಸಿ. ನುಡಿಸಲಿ ಬಿಡಲಿ, ವಾರಕ್ಕೆ ಒಂದು ಗಂಟೆ ಹಚ್ಚಿಡಿ. ವಾಲ್ವಿನ ಬಿಸಿಯೇ ತೇವವನ್ನು ಓಡಿಸುತ್ತದೆ.

ಕೊನೆಯದಾಗಿ, ಜೂನಿಯರ್ ತೂಗುವುದು 14 ಕಿಲೊ, ಟ್ವಿನ್ 29 ಕಿಲೊ. ನೀವು ಆರು ತಿಂಗಳು ಕಾಯಲು ಸಿದ್ಧರಿದ್ದರೆ ನಡುವಿನದೊಂದಿದೆ: 22 ವಾಟ್‌ನ, ಎರಡು 6ವಿ6 ವಾಲ್ವ್‌ಗಳ ಡಿಲಕ್ಸ್ ರಿವರ್ಬ್. 1963ರಲ್ಲಿ ಬಂದ ಆ ವಿನ್ಯಾಸ ಜಾಝ್, ಬ್ಲೂಸ್ ಎರಡಕ್ಕೂ ಸಮನಾಗಿ ಒಗ್ಗುತ್ತದೆ. 230 ವೋಲ್ಟ್‌ನದು ಸಿಕ್ಕರೆ ಈ ಎರಡನ್ನೂ ಬಿಟ್ಟು ಅದನ್ನೇ ತನ್ನಿ.

ಪ್ರಶ್ನೆ: ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಎರಡು ವಾಲ್ವ್ ರೇಡಿಯೋಗಳಿವೆ. ಅವುಗಳ ವಾಲ್ವ್ ತೆಗೆದು ಗಿಟಾರ್ ಆಂಪಿಗೆ ಬಳಸಬಹುದೇ?
— ಓದುಗರು, ಶಿರಸಿ

ಉತ್ತರ: ಕೆಲವನ್ನು ಬಳಸಬಹುದು. ಟಾರ್ಚ್ ಹಿಡಿದು ಗಾಜಿನ ಮೇಲಿನ ಅಕ್ಷರ ಓದಿ. ಇಎಲ್84 ಎಂದಿದ್ದರೆ ಅದು ಬ್ಲೂಸ್ ಜೂನಿಯರ್, ವಾಕ್ಸ್ ಎಸಿ30 ಮೊದಲಾದವುಗಳಲ್ಲಿ ಇರುವ ವಾಲ್ವೇ; ಅಮೆರಿಕದವರು ಅದನ್ನೇ 6ಬಿಕ್ಯೂ5 ಎನ್ನುತ್ತಾರೆ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1960ರ ದಶಕದಲ್ಲಿ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿತ್ತು, ಅದರ ಇಎಲ್84ಗಳನ್ನು ಹೊರದೇಶದವರೂ ಹುಡುಕಿ ಕೊಳ್ಳುತ್ತಾರೆ. ಆದರೆ ರೇಡಿಯೋದಲ್ಲಿ ಒಂದೇ ಇರುತ್ತದೆ, ಆಂಪಿಗೆ ಸಮಬಲದ ಜೋಡಿ ಬೇಕು. ಎರಡು ರೇಡಿಯೋಗಳ ಎರಡು ವಾಲ್ವ್‌ಗಳು ಒಂದೇ ರೀತಿ ದುಡಿದಿರುವುದು ಅಪರೂಪ, ಆದ್ದರಿಂದ ಟೆಸ್ಟರಿನಲ್ಲಿ ಅಳೆಸಿಯೇ ಹಾಕಿ. ಯುಎಲ್84 ಎಂದಿದ್ದರೆ ಮುಟ್ಟಬೇಡಿ: ಅದರ ಹೀಟರ್ 45 ವೋಲ್ಟ್‌ನದು. ಅಂಥ ಎಸಿ-ಡಿಸಿ ಸೆಟ್ಟಿನ ಲೋಹದ ಚಾಸಿಗೆ ನೇರವಾಗಿ ಕರೆಂಟು ಬರುವ ಸಾಧ್ಯತೆಯೂ ಇರುವುದರಿಂದ ಮಕ್ಕಳನ್ನು ದೂರವಿಡಿ. ಎರಡೂ ರೇಡಿಯೋಗಳು ಇನ್ನೂ ಹಾಡುತ್ತಿದ್ದರೆ, ನನ್ನ ಮಾತು ಕೇಳಿ, ಅವುಗಳ ವಾಲ್ವ್ ಅವುಗಳಲ್ಲೇ ಇರಲಿ.

ಪ್ರಶ್ನೆ: ಟ್ರಾನ್ಸಿಸ್ಟರ್ ಆಂಪಿನಲ್ಲಿ ಜಾಝ್, ಬ್ಲೂಸ್ ನುಡಿಸುವುದು ತಪ್ಪೇ? ಗೆಳೆಯರು ನಗುತ್ತಾರೆ.
— ಓದುಗರು, ಕುಮಟಾ

ಉತ್ತರ: ಬ್ಲೂಸ್ ಗಿಟಾರಿನ ದಿಗ್ಗಜ ಬಿ.ಬಿ. ಕಿಂಗ್ ಅವರು ಅನೇಕ ವರ್ಷ ನುಡಿಸಿದ್ದು ಲ್ಯಾಬ್ ಸೀರೀಸ್ ಎಲ್5 ಎಂಬ ಟ್ರಾನ್ಸಿಸ್ಟರ್ ಆಂಪಿನಲ್ಲಿ, ಜಾಝ್ ಗಿಟಾರಿನ ಜೋ ಪಾಸ್ ಅವರು ಪಾಲಿಟೋನ್ ಎಂಬ ಇನ್ನೊಂದು ಟ್ರಾನ್ಸಿಸ್ಟರ್ ಆಂಪಿನಲ್ಲಿ. ಈ ಎರಡು ಹೆಸರು ಹೇಳಿ, ನಗು ನಿಲ್ಲುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಶುದ್ಧ ಜಾಝ್ ಮಾತ್ರ ನುಡಿಸುವವರಿಗೆ ನಾನು ವಾಲ್ವ್‌ಗಿಂತ ಮೊದಲು ಇದನ್ನೇ ಸೂಚಿಸುತ್ತೇನೆ. 1975ರಿಂದ ಬರುತ್ತಿರುವ ರೋಲ್ಯಾಂಡ್ ಜೆಸಿ-120 ಸೆಕೆಂಡ್ ಹ್ಯಾಂಡ್ ಸಿಕ್ಕರೆ ಅದರ ಜಾಕ್‌ಗಳನ್ನೂ ಗುಬ್ಬಿಗಳನ್ನೂ ತಿರುಗಿಸಿ ಕರಕರ ಎನ್ನುತ್ತದೆಯೇ ನೋಡಿ, ಕೋರಸ್ (ಒಂದೇ ದನಿಯನ್ನು ಹಲವಾಗಿ ಕೇಳಿಸುವ ಸೌಲಭ್ಯ) ಹಾಕಿದಾಗ ಎರಡೂ ಸ್ಪೀಕರ್ ನುಡಿಯುತ್ತವೆಯೇ ಕೇಳಿ, ತೆಗೆದುಕೊಳ್ಳಿ. ಅದು ತೂಗುವುದು 28 ಕಿಲೊ. ನಗುವ ಗೆಳೆಯರಲ್ಲಿ ಇನ್ನೊಂದು ಹಿಡಿಕೆಗೆ ಕೈ ಕೊಡುವವರು ಯಾರೆಂದು ಮೊದಲೇ ಮಾತಾಡಿಕೊಳ್ಳಿ.