ಓದುಗರ ಪ್ರಶ್ನೆ: ಇಳಿಜಾರಿಲ್ಲದ ಮರ್ರೆ ನದಿ

ಪ್ರಶ್ನೆ: ಆಸ್ಟ್ರೇಲಿಯಾದ ಮರ್ರೆ ನದಿಯ ಮೂಲಕ್ಕೆ ಆಗ್ನೇಯ ಕರಾವಳಿ ಅಷ್ಟು ಹತ್ತಿರವಿದ್ದರೂ ಅದು 2,500 ಕಿ.ಮೀ. ಸುತ್ತುವುದೇಕೆ? (ಸಾಗರದ ಓದುಗರು)

ಉತ್ತರ: ಅದು ಹುಟ್ಟುವುದು ಆಸ್ಟ್ರೇಲಿಯನ್ ಆಲ್ಪ್ಸ್ ಪರ್ವತಗಳ ಒಳನಾಡಿನ ಮಗ್ಗುಲಲ್ಲಿ. ಸಹ್ಯಾದ್ರಿಯಲ್ಲಿ ಹುಟ್ಟಿಯೂ ಅರಬ್ಬಿ ಸಮುದ್ರಕ್ಕೆ ಬೆನ್ನು ಹಾಕುವ ತುಂಗೆಯ ಹಾಗೆ. ಬೆಟ್ಟದಾಚೆಯ ನೀರು ಸ್ನೋಯಿ ನದಿಯಾಗಿ ಬೇಗ ಸಮುದ್ರ ಸೇರುತ್ತಿತ್ತು. ಅದರ ದೊಡ್ಡ ಪಾಲನ್ನೂ ಈಗ ಸುರಂಗಗಳ ಮೂಲಕ ಒಳನಾಡಿಗೆ ತಿರುಗಿಸಿದ್ದಾರೆ. ಆಲ್ಬರಿ ಬಳಿಯ ಹ್ಯೂಮ್ ಅಣೆಕಟ್ಟೆ (1936, ಸುಮಾರು 106 ಟಿಎಂಸಿ) ದಾಟಿದ ಮೇಲೆ ಬರೀ ಬಯಲು. ಡಾರ್ಲಿಂಗ್ ನದಿ ಬಂದು ಕೂಡುವ ವೆಂಟ್‌ವರ್ತ್‌ನಿಂದ ಸಮುದ್ರಕ್ಕೆ ಇನ್ನೂ 830 ಕಿ.ಮೀ. ಇದೆ, ಅಲ್ಲಿನ ನೀರಿನ ಮಟ್ಟ ಮಾತ್ರ ಸಮುದ್ರಕ್ಕಿಂತ ಸುಮಾರು 30 ಮೀಟರ್ ಎತ್ತರ. ಕಿಲೋಮೀಟರಿಗೆ ನಾಲ್ಕು ಸೆಂಟಿಮೀಟರೂ ಇಳಿಜಾರಿಲ್ಲ! ಮಾರ್ಗನ್ ಊರಿನಲ್ಲಿ ದಕ್ಷಿಣಕ್ಕೆ ಹೊರಳಿ ಅಲೆಕ್ಸಾಂಡ್ರೀನಾ ಸರೋವರದ ಮೂಲಕ ಸಮುದ್ರ ಸೇರುತ್ತದೆ.

ಪ್ರಶ್ನೆ: ನಕ್ಷೆಯಲ್ಲಿ ಟೊಕುಮ್ವಾಲ್ ದಾಟಿದ ನದಿ ಎಚೂಕಾ ಕಡೆಗೆ ದಕ್ಷಿಣಕ್ಕೆ ತಿರುಗಿದೆ. ಅಲ್ಲಿ ಬೆಟ್ಟವಿದೆಯೇ? (ಧಾರವಾಡ)

ಉತ್ತರ: ಬೆಟ್ಟವಿಲ್ಲ, ಹತ್ತು ಮೀಟರಿನ ಆಸುಪಾಸಿನ ಒಂದು ದಿಬ್ಬವಿದೆ. ಕ್ಯಾಡೆಲ್ ಸ್ತರಭಂಗದ (ಭೂಮಿಯ ಪದರ ಬಿರಿದು ಸರಿದ ಗೆರೆ) ಪಶ್ಚಿಮದ ನೆಲ ಸಾವಿರಾರು ವರ್ಷಗಳ ಹಿಂದೆ ಮೇಲೆದ್ದು ನದಿಗೆ ಅಡ್ಡ ನಿಂತಿತು. ಇಳಿಜಾರೇ ಇಲ್ಲದ ಕಡೆ ಅಷ್ಟು ಅಡ್ಡಿಯೇ ಸಾಕು. ಒಂದು ಕವಲು ಉತ್ತರಕ್ಕೆ ಸುತ್ತಿ ಎಡ್ವರ್ಡ್ ನದಿಯಾಯಿತು. ಆಮೇಲೆ ಮುಖ್ಯ ಹರಿವು ದಕ್ಷಿಣಕ್ಕೆ ದಾರಿ ಮಾಡಿಕೊಂಡು ಗೋಲ್ಬರ್ನ್ ನದಿಯ ಪಾತ್ರ ಸೇರಿತು. ಈ ಹೊಸ ಪಾತ್ರ ತೀರಾ ಇಕ್ಕಟ್ಟು. ಇದೇ ಬಾರ್ಮಾ ಚೋಕ್.

ಅದರಲ್ಲಿ ಹಿಡಿಸುವುದು ದಿನಕ್ಕೆ ಸುಮಾರು 700 ಕೋಟಿ ಲೀಟರ್, ನಮ್ಮ ಲೆಕ್ಕದಲ್ಲಿ 2,800 ಕ್ಯೂಸೆಕ್ ಚಿಲ್ಲರೆ. ಹೆಚ್ಚಾದದ್ದು ದಡ ಮೀರಿ ರೆಡ್ ಗಮ್ ಎಂಬ ನೀಲಗಿರಿ ಜಾತಿಯ ಮರಗಳ ಕಾಡಿಗೆ ನುಗ್ಗುತ್ತದೆ. ಚಳಿಗಾಲದ ಕೊನೆಗೂ ವಸಂತದಲ್ಲೂ ನುಗ್ಗಿದರೆ ಕಾಡಿಗೆ ಒಳ್ಳೆಯದೇ. ತೊಂದರೆ ಬೇಸಿಗೆಯದು. ಕೆಳಗಿನ ಮಿಲ್ಡ್ಯೂರಾ ಕಡೆಯ ತೋಟಗಳಿಗೆ ನೀರು ಬೇಕಾಗುವುದು ಆಗಲೇ. ಒಂದೇ ಸಲ ಬಿಟ್ಟರೆ ಅಕಾಲದಲ್ಲಿ ಕಾಡು ಮುಳುಗಿ ನೀರೂ ವ್ಯರ್ಥ. ಬಿಸಿಲಿಗೆ ತರಗೆಲೆ ಕೊಳೆತು ನೀರು ಕಪ್ಪಾಗುತ್ತದೆ. ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಮರ್ರೆ ಕಾಡ್‌ನಂಥ ದೊಡ್ಡ ಮೀನುಗಳೂ ಸಾಯುತ್ತವೆ. ಹಾಗಾಗಿ ಒಂದಷ್ಟು ನೀರನ್ನು ಎಡ್ವರ್ಡ್ ನದಿ, ಮುಲ್ವಾಲಾ ಕಾಲುವೆಗಳ ಮೂಲಕ ಸುತ್ತು ಬಳಸಿ ಕಳಿಸುತ್ತಾರೆ. ಸಾಲದ್ದಕ್ಕೆ, ಹತ್ತೊಂಬತ್ತನೇ ಶತಮಾನದ ಚಿನ್ನದ ಗಣಿಗಾರಿಕೆ, ಕಾಡು ಕಡಿತದಿಂದ ಸಡಿಲವಾದ ಮರಳು ಈಗಲೂ ತಳದಲ್ಲಿ ತುಂಬಿಕೊಂಡು ಚೋಕ್ ಇನ್ನಷ್ಟು ಕಿರಿದಾಗಿದೆ.

ಪ್ರಶ್ನೆ: ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ರಾಜ್ಯಗಳ ಗಡಿ ನದಿಯ ಮಧ್ಯದಲ್ಲೇ ಹಾದುಹೋಗುತ್ತದೆಯೇ? (ಮೈಸೂರು)

ಉತ್ತರ: ಇಲ್ಲ. ಗಡಿ ದಕ್ಷಿಣ ದಡದ ಮೇಲಿದೆ. ಹರಿಯುವ ಪಾತ್ರ ಪೂರ್ತಿ ನ್ಯೂ ಸೌತ್ ವೇಲ್ಸ್‌ನದು. ವಿಕ್ಟೋರಿಯಾದ ದಡದಲ್ಲಿ ನಿಂತು ಗಾಳ ಹಾಕುವವರಿಗೂ ನ್ಯೂ ಸೌತ್ ವೇಲ್ಸ್‌ನ ಪರವಾನಗಿಯೇ ಬೇಕು.

ಪ್ರಶ್ನೆ: ನದಿ ಸಮುದ್ರ ಸೇರುವಲ್ಲಿಯೂ ಕಟ್ಟೆ ಏಕೆ? (ಮಂಗಳೂರು)

ಉತ್ತರ: ಉಪ್ಪುನೀರು ಒಳಗೆ ಬಾರದಿರಲು. 1940ರಲ್ಲಿ ಮುಗಿದ ಐದು ಬ್ಯಾರೇಜ್‌ಗಳ ಒಟ್ಟು ಉದ್ದ 7.6 ಕಿ.ಮೀ. ಒಳಗಿನ ಸರೋವರಗಳು ಸಿಹಿಯಾಗಿ ಉಳಿದವು ನಿಜ, ಆದರೆ ಹರಿವು ಕುಗ್ಗಿದಾಗ ಅಲೆಗಳು ತಂದ ಮರಳನ್ನು ತಳ್ಳುವ ಬಲ ನದಿಗಿರುವುದಿಲ್ಲ. 1981ರಲ್ಲಿ ಅಳಿವೆ ಪೂರ್ತಿ ಮುಚ್ಚಿಹೋಯಿತು. 2002ರಿಂದ ಹಲವು ವರ್ಷ ಡ್ರೆಡ್ಜರ್‌ಗಳೇ ಅದನ್ನು ತೆರೆದಿಟ್ಟವು. 2009ರ ಬರದಲ್ಲಂತೂ ಅಲೆಕ್ಸಾಂಡ್ರೀನಾದ ಮಟ್ಟ ಸಮುದ್ರಕ್ಕಿಂತ ಸುಮಾರು ಒಂದು ಮೀಟರ್ ಕೆಳಗಿಳಿಯಿತು. ತಳದ ಗಂಧಕಯುಕ್ತ ಮಣ್ಣು ಗಾಳಿಗೆ ಒಡ್ಡಿಕೊಂಡು ಆಮ್ಲೀಯವಾಗಿ, ಕೆಲವೆಡೆ ವಿಮಾನದಿಂದ ಸುಣ್ಣಕಲ್ಲಿನ ಪುಡಿ ಸುರಿಯಬೇಕಾಯಿತು.