ಎರಡು ಬೆಡ್‌ರೂಮಿನ ಫ್ಲ್ಯಾಟ್‌ಗೆ ಮಡಚುವ ರೋಯಿಂಗ್ ಮಷೀನ್: ಯಾವುದು ತಗೊಳ್ಳಲಿ?

ರೋಯಿಂಗ್ ಮಷೀನ್, ಅಂದರೆ ದೋಣಿಗೆ ಹುಟ್ಟು ಹಾಕುವ ಹಾಗೆ ಕೂತು ಎಳೆಯುವ ವ್ಯಾಯಾಮದ ಯಂತ್ರ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಬೆಂಗಳೂರಿನ ಅಪಾರ್ಟ್‌ಮೆಂಟು, ಕೆಳಗಿನ ಮನೆಯವರು ಏಳುವ ಮುಂಚೆ ವ್ಯಾಯಾಮ ಮುಗಿಸಬೇಕು ಅಂದಿದ್ದೀರಿ. ಹಾಗಾದರೆ ಮ್ಯಾಗ್ನೆಟಿಕ್ ಮಾದರಿಯೇ ಸರಿ. ಅಯಸ್ಕಾಂತವು ಎಳೆದಾಗ ತಿರುಗುವ ಚಕ್ರಕ್ಕೆ ತಾಗದೆಯೇ ತಡೆ ಒಡ್ಡುವುದರಿಂದ ಸದ್ದು ಕಡಿಮೆ. ಗಾಳಿಯಿಂದ ತಡೆ ಒಡ್ಡುವ ಮಾದರಿ ಜೋರಾಗಿ ಎಳೆದಷ್ಟೂ ಬಿಗಿಯಾಗುತ್ತದೆ. ನನಗಂತೂ ಅದೇ ಇಷ್ಟ, ಆದರೆ ಟೇಬಲ್ ಫ್ಯಾನಿನ ಹಾಗೆ ಮೊರೆಯುತ್ತದೆ. ನೀರಿನ ಟ್ಯಾಂಕಿನದು ಎತ್ತಿಡಲು ಭಾರ.

ಮಡಚಿದಾಗಿನ ಅಳತೆ ನೋಡಿ ಮರುಳಾಗಬೇಡಿ. ಬಳಸುವಾಗ ಸುಮಾರು 2ರಿಂದ 2.5 ಮೀಟರ್ ಉದ್ದ ಜಾಗ ಬೇಕು, ಹಾಲ್‌ನಲ್ಲಿ ಟೇಪ್ ಹಿಡಿದು ನೋಡಿ. ನೆಟ್ಟಗೆ ನಿಲ್ಲಿಸುವಂಥದ್ದಾದರೆ ಮೇಲೆ ಸಜ್ಜಾ ಅಡ್ಡ ಬರುತ್ತದೆಯೇ ಅಂತಲೂ ನೋಡಿ.

ಎಲ್ಲಕ್ಕಿಂತ ಮುಖ್ಯ ಸೀಟು ಓಡುವ ಹಳಿ. ಅಂಗಡಿಯಲ್ಲಿ ಕೂತು ಕಾಲು ಪೂರ್ತಿ ಚಾಚಿ. ಸೀಟು ತುದಿಗೆ ಬಡಿದರೆ ಆ ಮಷೀನು ನಿಮಗಲ್ಲ. ಎಳೆತದ ಹೆಚ್ಚಿನ ಬಲ ಕಾಲಿನಿಂದಲೇ ಬರಬೇಕು. ಕಾಲು ಅರ್ಧಕ್ಕೇ ನಿಂತರೆ ಭಾರವೆಲ್ಲ ಸೊಂಟದ ಮೇಲೆ. ಹಾಗೇ ಮಡಚುವ ಜಾಗದಲ್ಲಿ ಹಳಿಯನ್ನು ಹಿಡಿದು ಅಲ್ಲಾಡಿಸಿ. ಅಲ್ಲಿ ಲಟಲಟ ಅಂದರೆ ಬಿಟ್ಟುಬಿಡಿ.

ಬ್ಲೂಟೂತು, ಆ್ಯಪು ಎಲ್ಲ ಆಮೇಲೆ. ಅದರ ಬದಲು ದಪ್ಪ ರಬ್ಬರ್ ಮ್ಯಾಟ್ ತಗೊಳ್ಳಿ, ಟೈಲ್ಸ್ ಮೇಲೆ ಮಷೀನು ಜಾರುತ್ತದೆ.